310 ಫೈಲ್, ಹತ್ತು ಸೆಕೆಂಡ್, ಒಂದೇ ಸಾಲಿನ ತಪ್ಪು

ಎಫ್2 ಒತ್ತು. ಹೆಸರು ಟೈಪ್ ಮಾಡು. ಎಂಟರ್. ಕೆಳಗಿನ ಫೈಲ್‌ಗೆ ಹೋಗು. ಮತ್ತೆ ಎಫ್2.

ಈ ತಾಳ ನಿಮಗೂ ಗೊತ್ತಿರಬೇಕು. ಸ್ಕ್ಯಾನರ್‌ನಿಂದ ಬಂದ ಬಿಲ್ಲುಗಳಿಗೆಲ್ಲ ‘ಸ್ಕ್ಯಾನ್ 0001’, ‘ಸ್ಕ್ಯಾನ್ 0002’ ಅಂತಲೇ ಹೆಸರು. ಸೈಟ್‌ನಿಂದ ಇಂಜಿನಿಯರ್ ಕಳಿಸಿದ ಫೋಟೊಗಳು ‘ಐಎಂಜಿ’ ಅಂತ ಶುರುವಾಗಿ, ನಡುವೆ ತಾರೀಖು, ಕೊನೆಗೆ ವಾಟ್ಸ್‌ಆ್ಯಪ್ ಹಚ್ಚಿದ ‘ಡಬ್ಲ್ಯುಎ 0007’. ಸಂಜೆ ಐದೂವರೆಗೆ ನೀವು ಬ್ಯಾಗಿನ ಜಿಪ್ ಎಳೆಯುತ್ತಿರುವಾಗ ಮ್ಯಾನೇಜರ್ ಬಂದು, “ಇವಕ್ಕೆಲ್ಲ ಸರಿಯಾಗಿ ಹೆಸರು ಕೊಟ್ಟು ಕಳಿಸಿಬಿಡಿ, ಐದು ನಿಮಿಷದ ಕೆಲಸ” ಅಂತಾರೆ. ಒಂದು ಫೈಲ್‌ಗೆ 15 ಸೆಕೆಂಡ್ ಅಂತ ಹಿಡಿದರೂ 300 ಫೈಲ್‌ಗೆ 75 ನಿಮಿಷ. ಅಷ್ಟರಲ್ಲಿ ಕಂಪನಿ ಬಸ್ಸು ಹೋಗಿರುತ್ತೆ.

ಆ 75 ನಿಮಿಷ ಉಳಿಸೋದು ಕಷ್ಟವೇನಲ್ಲ. ಉಳಿಸೋಕೆ ಹೋಗಿ ನಾನು ಮಾಡಿಕೊಂಡ ಎಡವಟ್ಟನ್ನು ಮೊದಲು ಹೇಳಿಬಿಡ್ತೀನಿ.

ನಾನು ಬೆಂಗಳೂರಿನ ಪೀಣ್ಯದ ಕಡೆಯ ಒಂದು ಕಾರ್ಖಾನೆಯಲ್ಲಿ ಪೇರೋಲ್ ನೋಡಿಕೊಳ್ಳುವವಳು. ಪ್ರತಿ ಜೂನ್ ಬಂತೆಂದರೆ ಫಾರಂ 16ರ ಗಲಾಟೆ. ಸಂಬಳದಿಂದ ಎಷ್ಟು ತೆರಿಗೆ ಹಿಡಿದುಕೊಂಡಿದ್ದೇವೆ ಅಂತ ಕಂಪನಿ ಕೊಡುವ ಪತ್ರ ಅದು. ಜೂನ್ 15ರೊಳಗೆ ನೌಕರರ ಕೈಗೆ ಸೇರಬೇಕು. ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದ ಇಳಿಸಿಕೊಂಡರೆ ಒಬ್ಬೊಬ್ಬರಿಗೂ ಒಂದೊಂದು ಪಿಡಿಎಫ್ ಆಗುತ್ತೆ. ಅದರ ಹೆಸರು ಶುರುವಾಗುವುದು ಆ ನೌಕರರ ಪ್ಯಾನ್ ಸಂಖ್ಯೆಯಿಂದ. ನಮ್ಮಲ್ಲಿ ಮೇಲ್ ಕಳಿಸುವ ಸಾಫ್ಟ್‌ವೇರ್‌ಗೋ ಪ್ಯಾನ್ ಅರ್ಥವಾಗಲ್ಲ, ಅದಕ್ಕೆ ಎಂಪ್ಲಾಯಿ ನಂಬರ್ ಮತ್ತು ಹೆಸರು ಬೇಕು. ಹಾಗಾಗಿ ಪ್ರತಿ ಫೈಲ್‌ನ ಹೆಸರನ್ನೂ ಬದಲಿಸಲೇಬೇಕು.

ನಾನು ಸೇರುವ ಮೊದಲು ಈ ಕೆಲಸ ಮಾಡುತ್ತಿದ್ದವರು ಅಕೌಂಟ್ಸ್‌ನ ಹಿರಿಯರೊಬ್ಬರು. ಆಫೀಸಿನಲ್ಲಿ ಎಲ್ಲರಿಗೂ ಅವರು ‘ದೊಡ್ಡ ಸರ್’. ನಾಲ್ಕು ಸಂಜೆ ಕೂತು ಮಾಡುತ್ತಿದ್ದರು. ಫೈಲ್ ತೆರೆಯುವುದು, ಕನ್ನಡಕ ಹಣೆಗೇರಿಸಿ ಸ್ಕ್ರೀನ್‌ಗೆ ಮುಖ ತಂದು ಹೆಸರು ಓದುವುದು, ಮುಚ್ಚುವುದು, ಎಫ್2 ಒತ್ತುವುದು, ಟೈಪ್ ಮಾಡುವುದು. ಪಕ್ಕದಲ್ಲಿ ಒಂದು ಉದ್ದನೆಯ ಲೆಡ್ಜರ್ ಪುಸ್ತಕ, ಅದರಲ್ಲಿ ಟಿಕ್. ನನಗೆ ನೋಡಿ ನೋಡಿ ಕೈ ಕಡಿಯುತ್ತಿತ್ತು.

ಮೂರು ವರ್ಷದ ಹಿಂದಿನ ಜೂನ್‌ನಲ್ಲಿ ಆ ಕೆಲಸ ನನಗೆ ಬಂತು. ನಾಲ್ಕು ಸಂಜೆ ಯಾರು ಕೂರ್ತಾರೆ? ಹಿಂದಿನ ರಾತ್ರಿ ಯೂಟ್ಯೂಬ್‌ನಲ್ಲಿ ನೋಡಿಕೊಂಡು ಬಂದಿದ್ದೆ.

ವಿಧಾನ ಇಷ್ಟೇ. ಫೋಲ್ಡರ್‌ನಲ್ಲಿ ಎಲ್ಲ ಫೈಲ್ ಆರಿಸಿಕೊಂಡು ‘ಕಾಪಿ ಆ್ಯಸ್ ಪಾಥ್’ ಕೊಟ್ಟರೆ ಎಲ್ಲದರ ವಿಳಾಸ ಸಾಲಾಗಿ ಕಾಪಿಯಾಗುತ್ತೆ. ಅದನ್ನು ಎಕ್ಸೆಲ್‌ನ ಮೊದಲ ಕಾಲಂನಲ್ಲಿ ಅಂಟಿಸಿ. ಎರಡನೆಯ ಕಾಲಂನಲ್ಲಿ ಹೊಸ ಹೆಸರು. ಮೂರನೆಯದರಲ್ಲಿ ಒಂದು ಫಾರ್ಮುಲಾ, ಅದು ಎರಡನ್ನೂ ಜೋಡಿಸಿ ಒಂದು ಕಮಾಂಡ್ ಸಾಲು ಮಾಡುತ್ತೆ. ಕಮಾಂಡ್ ಆರ್-ಇ-ಎನ್ ಅನ್ನುವ ಮೂರಕ್ಷರದ್ದು. ನಾವು ಹುಟ್ಟುವ ಮೊದಲಿನ ಡಾಸ್ ಕಾಲದಿಂದ ಬಂದದ್ದು, ಇವತ್ತಿನ ವಿಂಡೋಸ್‌ನಲ್ಲೂ ಹಾಗೇ ಕೆಲಸ ಮಾಡುತ್ತೆ. ಹಳೆಯ ಹೆಸರಿನ ಜಾಗದಲ್ಲಿ ಪೂರ್ತಿ ವಿಳಾಸ ಇದ್ದರೂ ನಡೆಯುತ್ತೆ, ಹೊಸ ಹೆಸರಿನ ಜಾಗದಲ್ಲಿ ಮಾತ್ರ ಬರೀ ಹೆಸರಿರಬೇಕು. ಎರಡಕ್ಕೂ ಉದ್ಧರಣ ಚಿಹ್ನೆ ಹಾಕಿ. ಆ ಮೂರನೇ ಕಾಲಂ ಅನ್ನು ನೋಟ್‌ಪ್ಯಾಡ್‌ಗೆ ಸುರಿದು, ಹೆಸರಿನ ಕೊನೆಗೆ ಡಾಟ್ ಬಿಎಟಿ ಅಂತ ಕೊಟ್ಟು ಸೇವ್ ಮಾಡಿ ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು.

ಕಪ್ಪು ಕಿಟಕಿಯೊಂದು ತೆರೆದು ಸರಸರ ಸಾಲುಗಳು ಹರಿದವು. ಕೊನೆಯಲ್ಲಿ ಏನೋ ಒಂದು ಎರರ್ ಮಿಂಚಿದಂತಾಯಿತು, ಓದುವಷ್ಟರಲ್ಲಿ ಕಿಟಕಿ ಮುಚ್ಚಿಕೊಂಡಿತು. ಫೋಲ್ಡರ್ ನೋಡಿದರೆ ಎಲ್ಲ ಫೈಲ್‌ಗೂ ಚೆಂದದ ಹೊಸ ಹೆಸರು. ಹತ್ತು ಸೆಕೆಂಡ್ ಆಗಿರಬಹುದು.

“ಆಗೋಯ್ತಾ? ಇಷ್ಟು ಬೇಗ?” ಅಂದರು ದೊಡ್ಡ ಸರ್.

“ಆಯ್ತು ಸರ್.”

“ತೆಗೆದು ನೋಡಿದ್ರೇನಮ್ಮ?”

“ನೋಡ್ದೆ ಸರ್. ಮೊದಲ ಐದು ತೆಗೆದು ನೋಡ್ದೆ, ಎಲ್ಲಾ ಸರಿಯಾಗಿದೆ.”

ನಿಜವಾಗಿಯೂ ಆ ಐದೂ ಸರಿಯಾಗಿದ್ದವು.

ಮಧ್ಯಾಹ್ನ ಮೇಲ್‌ಗಳನ್ನು ಬಿಟ್ಟೆ. ಕಾಲು ಗಂಟೆಯೂ ಆಗಿರಲಿಲ್ಲ, ಶಾಪ್‌ಫ್ಲೋರ್‌ನಿಂದ ಮೆಷಿನ್ ಆಪರೇಟರ್ ಒಬ್ಬರು ಫೋನ್ ಹಿಡಿದು ಮೇಲೆ ಬಂದರು. “ಮೇಡಂ, ಇದು ನಂದಲ್ಲ ಮೇಡಂ. ನಮ್ಮ ಸೂಪರ್‌ವೈಸರ್‌ದು ಬಂದಿದೆ.”

ಎದೆ ಧಸಕ್ಕೆಂದಿತು.

ಆಗಿದ್ದು ಇಷ್ಟು. ನೌಕರರ ಪಟ್ಟಿಯಲ್ಲಿ 311 ಹೆಸರು. ಒಬ್ಬರ ಪ್ಯಾನ್ ನಮ್ಮ ದಾಖಲೆಯಲ್ಲೇ ತಪ್ಪಾಗಿದ್ದರಿಂದ ಅವರ ಫೈಲ್ ಪೋರ್ಟಲ್‌ನಿಂದ ಬಂದಿರಲಿಲ್ಲ, ಅಂದರೆ ಫೈಲ್ 310. ನಾನು ಎರಡನ್ನೂ ಪ್ಯಾನ್ ಪ್ರಕಾರ ಅಕ್ಷರಕ್ರಮದಲ್ಲಿ ಜೋಡಿಸಿ ಅಕ್ಕಪಕ್ಕ ಅಂಟಿಸಿದ್ದೆ. ಫೈಲ್ ಇಲ್ಲದ ಆ ಒಬ್ಬರು ಪಟ್ಟಿಯಲ್ಲಿ 187ನೆಯವರು. ಅವರಿಗಿಂತ ಮೇಲಿನ 186 ಸರಿ. ಅಲ್ಲಿಂದ ಕೆಳಗೆ ಪ್ರತಿಯೊಬ್ಬರ ಹೆಸರೂ ಮುಂದಿನವರ ಫೈಲ್‌ಗೆ ಅಂಟಿಕೊಂಡಿತ್ತು, ಒಂದು ಗುಂಡಿ ತಪ್ಪಿ ಹಾಕಿದ ಅಂಗಿಯ ಹಾಗೆ. 124 ಫೈಲ್‌ಗಳಲ್ಲಿ ಹೆಸರೊಂದು, ಒಳಗಿರುವವರೊಬ್ಬರು. ಕೊನೆಯಲ್ಲಿ ಮಿಂಚಿದ ಎರರ್ 311ನೇ ಸಾಲಿನದು. ಪಾಪ, ಅದು ‘ಇಲ್ಲಿ ಫೈಲೇ ಇಲ್ಲ’ ಅಂತ ಹೇಳಿಯೇ ಹೋಗಿತ್ತು.

ಕಳಿಸುವುದನ್ನು ನಿಲ್ಲಿಸುವಷ್ಟರಲ್ಲಿ 90 ಮೇಲ್ ಹೋಗಿದ್ದವು. ಅದರಲ್ಲಿ 38 ತಪ್ಪು ಕೈಗೆ.

ಸಂಬಳದ ಚೀಟಿ ತಾನೇ, ಏನು ಮಹಾ ಅನ್ನಬೇಡಿ. ಫಾರಂ 16ರಲ್ಲಿ ಸಂಬಳ ಅಷ್ಟೇ ಇರಲ್ಲ. ಮನೆ ಸಾಲದ ಬಡ್ಡಿ ಎಷ್ಟು, ಇನ್ಶೂರೆನ್ಸ್ ಎಷ್ಟು ಎಲ್ಲ ಇರುತ್ತೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರದಾದರೆ 80ಯು ಅಂತ ಒಂದು ಸಾಲು ಬರಬಹುದು, ಅದು ಅಂಗವೈಕಲ್ಯದ ವಿನಾಯಿತಿ. 80ಡಿಡಿಬಿ ಅಂದರೆ ಕೆಲವು ಗಂಭೀರ ಕಾಯಿಲೆಗಳ ಚಿಕಿತ್ಸೆಯ ಖರ್ಚು. ಆ ಸಂಜೆ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, “ಅವರ ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಮೇಡಂ?” ಅಂದರು. ಅವರಿಗೆ ಬಂದಿದ್ದ ಬೇರೆಯವರ ಫೈಲ್‌ನಲ್ಲಿ ಆ ಸಾಲಿತ್ತು. ಆ ಮನುಷ್ಯ ಎರಡು ವರ್ಷದಿಂದ ಆಫೀಸಿನಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ ಅದು. ನನಗೆ ಉತ್ತರ ಹೊಳೆಯಲಿಲ್ಲ. ಡಿಲೀಟ್ ಮಾಡಿ, ದಯವಿಟ್ಟು ಯಾರ ಹತ್ರನೂ ಹೇಳಬೇಡಿ ಅಂದೆ.

38 ಜನರ ಬಳಿಯೂ ಹೋಗಿ ಕ್ಷಮೆ ಕೇಳಿದೆ. ಯಾರ ಫೈಲ್ ಬೇರೆಯವರಿಗೆ ಹೋಗಿತ್ತೋ ಅವರ ಬಳಿಯೂ. ಇಬ್ಬರು ಬೈದರು, ಹೆಚ್ಚಿನವರು ತಲೆಯಾಡಿಸಿದರು. ಒಬ್ಬಾಕೆ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು. ಪಕ್ಕದ ಲೈನ್‌ನಲ್ಲಿ ತನ್ನಷ್ಟೇ ವರ್ಷ ಕೆಲಸ ಮಾಡಿದವನಿಗೆ ತನಗಿಂತ ಜಾಸ್ತಿ ಯಾಕೆ? ಆ ಪ್ರಶ್ನೆಯನ್ನು ಎಚ್‌ಆರ್‌ಗೆ ತಲುಪಿಸಿದೆ. ಅದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ಟೈಪಿಂಗ್ ಹೋಯ್ತು, ಕಣ್ಣೂ ಹೋಯ್ತು

ಆ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡ ಸರ್ ನಾಲ್ಕು ಸಂಜೆ ಮಾಡುತ್ತಿದ್ದದ್ದು ಏನು ಅಂತ ಆಗ ಹೊಳೆಯಿತು. ಅವರು ಹೆಸರು ಟೈಪ್ ಮಾಡುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ಓದುತ್ತಿದ್ದರು. ಪ್ರತಿ ಫೈಲ್ ತೆರೆದು, ಒಳಗೆ ಯಾರಿದ್ದಾರೆ ಅಂತ ನೋಡಿದ ಮೇಲೇ ಹೊರಗಿನ ಹೆಸರು ಬರೆಯುತ್ತಿದ್ದರು. ನಾನು ಬೇಸರದ ಕೆಲಸವನ್ನು ತೆಗೆದುಹಾಕುವಾಗ ಅದರೊಳಗೆ ಸೇರಿಕೊಂಡಿದ್ದ ತಪಾಸಣೆಯನ್ನೂ ತೆಗೆದುಹಾಕಿದ್ದೆ. ಅದು ಅಲ್ಲಿತ್ತು ಅಂತಲೇ ಗೊತ್ತಿರಲಿಲ್ಲ.

ಇಂಥದ್ದು ನನ್ನಂಥವರಿಗೆ ಮಾತ್ರ ಆಗೋದಲ್ಲ ಅಂತ ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. ರಸಾಯನಶಾಸ್ತ್ರದ ಲೆಕ್ಕಾಚಾರಕ್ಕಾಗಿ 2014ರಲ್ಲಿ ಪ್ರಕಟವಾದ ಪೈಥಾನ್ ಸ್ಕ್ರಿಪ್ಟ್ ಒಂದಿತ್ತು. ಎಷ್ಟೋ ಸಂಶೋಧಕರು ಬಳಸುತ್ತಿದ್ದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಲ್ಯಾಬ್ ಒಂದರ ವಿದ್ಯಾರ್ಥಿ ಗಮನಿಸಿದ್ದೇನೆಂದರೆ, ಅದೇ ಸ್ಕ್ರಿಪ್ಟ್, ಅದೇ ಫೈಲ್‌ಗಳು, ಆದರೆ ಕಂಪ್ಯೂಟರ್ ಬದಲಾದರೆ ಉತ್ತರವೂ ಬದಲಾಗುತ್ತೆ! ಕಾರಣ, ಫೋಲ್ಡರ್‌ನಲ್ಲಿರುವ ಫೈಲ್‌ಗಳು ಇಂಥದೇ ಕ್ರಮದಲ್ಲಿ ಬರುತ್ತವೆ ಅಂತ ಸ್ಕ್ರಿಪ್ಟ್ ನಂಬಿಕೊಂಡಿತ್ತು. ಕೆಲವು ಆಪರೇಟಿಂಗ್ ಸಿಸ್ಟಂ ಆ ಕ್ರಮದಲ್ಲಿ ಕೊಡುತ್ತವೆ, ಕೆಲವು ಕೊಡಲ್ಲ. ಜೋಡಿಯಾಗಿ ಓದಬೇಕಿದ್ದ ಫೈಲ್‌ಗಳು ಅದಲು ಬದಲಾಗುತ್ತಿದ್ದವು. 150ಕ್ಕೂ ಹೆಚ್ಚು ಪ್ರಬಂಧಗಳನ್ನು ಮತ್ತೆ ನೋಡಬೇಕಾಗಬಹುದು ಅನ್ನುವ ಮಾತು ಆಗ ಕೇಳಿಬಂತು.

ನನ್ನ 187ನೇ ಸಾಲಿನ ಕಥೆಯೂ ಅದೇ. ಕ್ರಮವನ್ನು ನಂಬಿದ್ದು.

ಹಾಗಾದ್ರೆ ಹೇಗೆ ಮಾಡೋದು?

ಮೊದಲು ಸುಲಭದ್ದು. ಎಲ್ಲ ಫೈಲ್‌ಗೂ ಒಂದೇ ಹೆಸರು, ಕೊನೆಗೊಂದು ಸಂಖ್ಯೆ ಸಾಕು ಅಂದರೆ ವಿಂಡೋಸ್‌ನಲ್ಲೇ ಇದೆ. ಎಲ್ಲವನ್ನೂ ಆರಿಸಿ ಎಫ್2 ಒತ್ತಿ ‘ಸೈಟ್ ಫೋಟೊ’ ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಆವರಣದಲ್ಲಿ 1, 2, 3 ತಾನೇ ಬರುತ್ತೆ. ತಪ್ಪಿದರೆ ತಕ್ಷಣ ಕಂಟ್ರೋಲ್ ಝಡ್. ಕೈಯಿಂದಲೇ ಮಾಡಬೇಕಾದ ಇಪ್ಪತ್ತು ಫೈಲ್ ಇದ್ದರೆ, ಒಂದು ಹೆಸರು ಬರೆದು ಎಂಟರ್ ಬದಲು ಟ್ಯಾಬ್ ಒತ್ತಿ, ನೇರ ಮುಂದಿನ ಫೈಲ್‌ನ ಹೆಸರಿಗೆ ಹಾರುತ್ತೆ. ಇದು ಗೊತ್ತಿಲ್ಲದೆ ಎಷ್ಟು ವರ್ಷ ಬಾಣದ ಕೀ ಸವೆಸಿದ್ದೆನೋ. ಮ್ಯಾಕ್ ಇರುವವರಿಗೆ ಫೈಂಡರ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ರಿನೇಮ್ ಅಂತ ಸಿಗುತ್ತೆ, 2014ರ ಯೊಸೆಮಿಟಿ ಆವೃತ್ತಿಯಿಂದಲೂ ಇದೆ.

ಹೆಸರಿನ ನಡುವಿನ ಒಂದು ಪದ ಬದಲಿಸಬೇಕು, ಕೆಲವು ಅಕ್ಷರ ಅಳಿಸಬೇಕು ಅಂದರೆ ಮೈಕ್ರೋಸಾಫ್ಟ್‌ನದೇ ಉಚಿತ ಪವರ್‌ಟಾಯ್ಸ್ ಹಾಕಿಕೊಳ್ಳಿ. ಅದರಲ್ಲಿ ಪವರ್‌ರಿನೇಮ್ ಅಂತ ಇದೆ. ನನಗೆ ಅದು ಇಷ್ಟವಾಗಲು ಒಂದೇ ಕಾರಣ. ಎಡಗಡೆ ಹಳೆಯ ಹೆಸರು, ಬಲಗಡೆ ಹೊಸ ಹೆಸರು ಎರಡನ್ನೂ ತೋರಿಸಿ, ನೀವು ಹೂಂ ಅಂದ ಮೇಲೇ ಬದಲಿಸುತ್ತೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳಲು ಐಟಿಯವರ ಅನುಮತಿ ಬೇಕಾಗಬಹುದು, ಕೇಳಿ.

ಪ್ರತಿ ಫೈಲ್‌ಗೂ ಬೇರೆ ಬೇರೆ ಹೆಸರು ಬೇಕಾದಾಗ ಮಾತ್ರ ಎಕ್ಸೆಲ್ ದಾರಿ. ಅದನ್ನೇ ಈಗಲೂ ಬಳಸ್ತೀನಿ, ಆದರೆ ಅಕ್ಕಪಕ್ಕ ಅಂಟಿಸಲ್ಲ. ಫೈಲ್ ಹೆಸರಿನಿಂದ ಪ್ಯಾನ್ ಕತ್ತರಿಸಿಕೊಂಡು, ಅದೇ ಪ್ಯಾನ್ ನೌಕರರ ಪಟ್ಟಿಯಲ್ಲಿ ಎಲ್ಲಿದೆ ಅಂತ ಎಕ್ಸ್‌ಲುಕಪ್‌ನಿಂದ ಹುಡುಕಿಸ್ತೀನಿ. ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳುತ್ತೆ, ಪಕ್ಕದವರದು ತಂದುಕೊಡಲ್ಲ. ಹಳೆಯ ಎಕ್ಸೆಲ್‌ನಲ್ಲಿ ವಿಲುಕಪ್ ಬಳಸುವವರು ಹುಷಾರು! ಅದರ ಕೊನೆಯ ಜಾಗದಲ್ಲಿ ಫಾಲ್ಸ್ ಅಂತ ಹಾಕದಿದ್ದರೆ ‘ಸುಮಾರಾಗಿ ಹೊಂದುವುದು’ ಸಾಕು ಅಂದುಕೊಂಡು ಯಾರದನ್ನೋ ತಂದಿಡುತ್ತೆ. ತೆರಿಗೆ ಕಾಗದದಲ್ಲಿ ಸುಮಾರು ನಡೆಯಲ್ಲ.

ಆಮೇಲೆ ಎಣಿಕೆ. ಫೈಲ್ ಎಷ್ಟು, ಸಾಲು ಎಷ್ಟು. ನಾನು ಅವತ್ತು ಮಾಡದೇ ಇದ್ದ ಎರಡು ಸೆಕೆಂಡಿನ ಕೆಲಸ.

ಇನ್ನೊಂದು ಅಭ್ಯಾಸ, ಬ್ಯಾಚ್ ಫೈಲ್‌ನ ಕೊನೆಯ ಸಾಲಿಗೆ ಇಂಗ್ಲಿಷ್‌ನಲ್ಲಿ ‘ಪಾಸ್’ ಅಂತ ಬರೆಯುವುದು, ಪಿ-ಎ-ಯು-ಎಸ್-ಇ. ಆ ಕಪ್ಪು ಕಿಟಕಿ ನೀವು ಕೀ ಒತ್ತುವವರೆಗೂ ಮುಚ್ಚದೆ ಕಾಯುತ್ತೆ. ಎರರ್ ಇದ್ದರೆ ಕಣ್ಣಿಗೆ ಬೀಳುತ್ತೆ. ಹಾಗೇ ಎಕ್ಸೆಲ್‌ನಲ್ಲಿ ನಾಲ್ಕನೇ ಕಾಲಂ ಒಂದು ಮಾಡಿ, ಹೊಸ ಹೆಸರಿನಿಂದ ಹಳೆಯ ಹೆಸರಿಗೆ ವಾಪಸ್ ಹೋಗುವ ಕಮಾಂಡನ್ನೂ ಮೊದಲೇ ತಯಾರಿಸಿಡಿ. ಬ್ಯಾಚ್ ಫೈಲ್‌ಗೆ ಕಂಟ್ರೋಲ್ ಝಡ್ ಇಲ್ಲ. ಈ ಹಿಂದಿರುಗುವ ಫೈಲೇ ಅದರ ಕಂಟ್ರೋಲ್ ಝಡ್. ಏನೇ ಮಾಡಿದರೂ ಮೂಲ ಫೋಲ್ಡರ್ ಮುಟ್ಟಬೇಡಿ, ಕಾಪಿ ಮಾಡಿಕೊಂಡು ಅದರ ಮೇಲೆ ಪ್ರಯೋಗ ಮಾಡಿ.

ಇಬ್ಬರಿಗೆ ಒಂದೇ ಹೆಸರು ಬಿದ್ದರೆ? ವಿಂಡೋಸ್‌ನ ರೆನ್ ಕಮಾಂಡ್ ಆ ಹೆಸರು ಆಗಲೇ ಇದೆ ಅಂತ ಎರಡನೆಯದನ್ನು ನಿರಾಕರಿಸುತ್ತೆ. ಆದರೆ ಲಿನಕ್ಸ್, ಮ್ಯಾಕ್‌ಗಳ ಎಂವಿ ಕಮಾಂಡ್ ಸಾಮಾನ್ಯವಾಗಿ ಮಾತೇ ಆಡಲ್ಲ. ಮೊದಲ ಫೈಲ್ ಮೇಲೆ ಎರಡನೆಯದನ್ನು ಕೂರಿಸಿಬಿಡುತ್ತೆ, ಮೊದಲನೆಯದು ಹೋಯಿತು. ಹಾಗಾಗಿ ಹೊಸ ಹೆಸರಿನ ಕಾಲಂ ಆರಿಸಿ ಎಕ್ಸೆಲ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಡುಪ್ಲಿಕೇಟ್‌ಗಳಿಗೆ ಬಣ್ಣ ಹಾಕಿಸಿ ನೋಡಿಕೊಳ್ಳಿ. ನಮ್ಮಲ್ಲಿ ಬಣ್ಣ ಬಂದೇ ಬರುತ್ತೆ. ಯಾಕಂದರೆ...

ನಮ್ಮಲ್ಲಿ ಒಬ್ಬರೇ ಮಂಜುನಾಥ ಅಲ್ಲ

ಕರ್ನಾಟಕದ ಯಾವುದೇ ಆಫೀಸಿನ ಪಟ್ಟಿ ತೆಗೆಯಿರಿ. ಮಂಜುನಾಥ ಕೆ., ಕೆ. ಮಂಜುನಾಥ, ಮಂಜುನಾಥ್ ಕೆ. ಆರ್. ಮೂವರೂ ಬೇರೆ ಬೇರೆಯವರಿರಬಹುದು, ಒಬ್ಬರೇ ಇರಬಹುದು! ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಗೆ ಎ ಇದೆಯೋ ಇಲ್ಲವೋ, ಲಕ್ಷ್ಮಿಗೆ ಕೆಎಸ್‌ಎಚ್ ಹಾಕಬೇಕೋ ಎಕ್ಸ್ ಹಾಕಬೇಕೋ ಅವರವರ ಮಾರ್ಕ್ಸ್‌ ಕಾರ್ಡ್ ಬರೆದ ಮೇಷ್ಟರನ್ನು ಕೇಳಬೇಕು. ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಬಿಡಿಸಿ ಬರೆದದ್ದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮುಂದೆ. ಮದುವೆಯ ನಂತರ ಹೆಸರಿನ ಕೊನೆ ಬದಲಾದವರು ಬೇರೆ. ಹೆಸರನ್ನು ಹಿಡಿದು ಫೈಲ್ ಹೊಂದಿಸಲು ಹೋದರೆ ಕಂಪ್ಯೂಟರ್ ಇರಲಿ, ಸ್ವಂತ ಅಮ್ಮನೇ ಗೊಂದಲಕ್ಕೆ ಬೀಳ್ತಾರೆ. ಎಂಪ್ಲಾಯಿ ನಂಬರ್, ಪ್ಯಾನ್, ಇನ್‌ವಾಯ್ಸ್ ನಂಬರ್, ಹೀಗೆ ಬದಲಾಗದ ಒಂದನ್ನು ಹಿಡಿಯಿರಿ. ಹೆಸರು ಓದುವವರ ಅನುಕೂಲಕ್ಕೆ ಹಿಂದಿರಲಿ.

ಈ ಇನಿಷಿಯಲ್‌ಗಳ ಚುಕ್ಕಿ ಇನ್ನೊಂದು ತಮಾಷೆ ಮಾಡುತ್ತೆ. ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರಿನ ಕೊನೆಗೆ ಚುಕ್ಕಿ ನಿಲ್ಲಲ್ಲ. ನೀವು ‘ಮಂಜುನಾಥ ಕೆ.’ ಅಂತ ಕೊಟ್ಟರೂ ಅದು ಚುಕ್ಕಿ ಕಿತ್ತು ‘ಮಂಜುನಾಥ ಕೆ’ ಮಾಡಿಬಿಡುತ್ತೆ. ಆಮೇಲೆ ನಿಮ್ಮ ಎಕ್ಸೆಲ್ ಪಟ್ಟಿಗೂ ಫೋಲ್ಡರ್‌ಗೂ ತಾಳೆಯಾಗಲ್ಲ. ತಾರೀಖಿನ ನಡುವೆ ಓರೆ ಗೆರೆ, ಸಮಯದ ನಡುವೆ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಇವನ್ನೆಲ್ಲ ವಿಂಡೋಸ್ ಫೈಲ್ ಹೆಸರಿನಲ್ಲಿ ಒಪ್ಪಲ್ಲ. ಗೆಳತಿಯೊಬ್ಬಳು ಕಾಂಟ್ರಾಕ್ಟ್ ಅನ್ನುವುದನ್ನು ಚಿಕ್ಕದು ಮಾಡಿ ಸಿ-ಒ-ಎನ್ ಅಂತ ಫೋಲ್ಡರ್ ಮಾಡಲು ಹೋಗಿ ಅರ್ಧ ಗಂಟೆ ಒದ್ದಾಡಿದ್ದಳು. ಡಾಸ್ ಕಾಲದಲ್ಲಿ ಆ ಮೂರಕ್ಷರ ಕೀಬೋರ್ಡ್-ಪರದೆಗೆ ಮೀಸಲಾಗಿತ್ತು, ಅದಕ್ಕೆ ಇವತ್ತಿಗೂ ಕೊಡಲ್ಲ.

ತಾರೀಖು ಬರೆಯುವುದಾದರೆ ವರ್ಷ ಮೊದಲು, ತಿಂಗಳು, ಆಮೇಲೆ ದಿನ. 2025-06-15. ನೋಡೋಕೆ ಹಿಂದುಮುಂದು ಅನ್ನಿಸಿದರೂ ಅಕ್ಷರಕ್ರಮದಲ್ಲಿ ಜೋಡಿಸಿದಾಗ ತಾನಾಗಿ ಕಾಲಕ್ರಮಕ್ಕೆ ಬರುತ್ತೆ. ಸಂಖ್ಯೆಗಳಿಗೆ ಮುಂದೆ ಸೊನ್ನೆ ಹಾಕಿ 001, 002 ಅಂತ ಮಾಡಿ. ಇಲ್ಲದಿದ್ದರೆ ಎಷ್ಟೋ ಪ್ರೋಗ್ರಾಂಗಳು 1 ಆದ ಮೇಲೆ 10, ಆಮೇಲೆ 2 ಅಂತ ಎಣಿಸುತ್ತವೆ.

ಆ ಸೊನ್ನೆಗಳನ್ನು ಎಕ್ಸೆಲ್ ತಿಂದುಹಾಕುತ್ತೆ ಅನ್ನೋದು ಬೇರೆ ಮಾತು. 00457 ಅಂತ ಎಂಪ್ಲಾಯಿ ನಂಬರ್ ಕೊಟ್ಟರೆ 457 ಮಾಡುತ್ತೆ. 16 ಅಂಕಿಯ ಅಕೌಂಟ್ ನಂಬರ್ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತೆ, ಅದರ ಜ್ಞಾಪಕ 15 ಅಂಕಿಗೇ ಮುಗಿಯಿತು. 3-4 ಅಂತ ಸೆಕ್ಷನ್ ಕೋಡ್ ಬರೆದರೆ ಅದು ಯಾವುದೋ ತಾರೀಖು. ಜೀವವಿಜ್ಞಾನಿಗಳು ಇದರ ಜತೆ ವರ್ಷಗಟ್ಟಲೆ ಗುದ್ದಾಡಿ ಸೋತರು. ‘ಸೆಪ್ಟ್1’, ‘ಮಾರ್ಚ್1’ ಅಂತ ಜೀನ್‌ಗಳಿದ್ದವು, ಎಕ್ಸೆಲ್ ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಮಾಡುತ್ತಿತ್ತು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೆಪ್ಟಿನ್1, ಮಾರ್ಚ್‌ಎಫ್1 ಅಂತ ಹೆಸರು ಬದಲಿಸಿದ್ದನ್ನು ತನ್ನ ಹೊಸ ನಿಯಮಗಳಲ್ಲಿ ಪ್ರಕಟಿಸಿತು. ನಾವು ಅಷ್ಟು ದೂರ ಹೋಗಬೇಕಿಲ್ಲ. ಡೇಟಾ ಅಂಟಿಸುವ ಮೊದಲು ಆ ಕಾಲಂನ ಫಾರ್ಮ್ಯಾಟ್ ‘ಟೆಕ್ಸ್ಟ್’ ಮಾಡಿದರೆ ಸಾಕು.

ಕನ್ನಡದಲ್ಲೇ ಫೈಲ್ ಹೆಸರು ಇಡುವವರಿಗೆ ಒಂದು ಮಾತು. ಇಡಿ, ಖಂಡಿತ ಇಡಿ. ಯುನಿಕೋಡ್ ಕನ್ನಡದ ಹೆಸರನ್ನು ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲ ಒಪ್ಪುತ್ತವೆ. ಆದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರು ಕಂಪ್ಯೂಟರ್‌ಗೆ ಬೇರೆ ಬೇರೆ ಆಗಬಹುದು. ‘ಕೋಲಾರ’ದ ಕೋ ಇದೆಯಲ್ಲ, ಅದರ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಮೂರು ಚೂರಾಗಿಯೂ ಬರೆಯಬಹುದು. ನೋಡಲು ವ್ಯತ್ಯಾಸವೇ ಇಲ್ಲ. ‘ಮಂಜುನಾಥ್’ ಅಂತ ಅರ್ಧಾಕ್ಷರದಲ್ಲಿ ನಿಲ್ಲಿಸುವಾಗ ಕೆಲವು ಕೀಬೋರ್ಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಹಿಂದೆ ಸೇರಿಕೊಳ್ಳುತ್ತೆ. ಲುಕಪ್ ‘ಸಿಗಲಿಲ್ಲ’ ಅನ್ನುತ್ತೆ, ನೀವು ಅಲ್ಲೇ ಇದೆಯಲ್ಲ ಅಂತ ಸ್ಕ್ರೀನ್‌ಗೆ ಬೆರಳು ತೋರಿಸ್ತೀರಿ. ಬ್ಯಾಚ್ ಫೈಲ್ ಕೂಡ ಕನ್ನಡ ಕಂಡರೆ ಎಡವಬಹುದು. ಅದನ್ನು ಯುಟಿಎಫ್-8ನಲ್ಲಿ ಸೇವ್ ಮಾಡಿ, ಮೊದಲ ಸಾಲಿನಲ್ಲಿ ಸಿ-ಎಚ್-ಸಿ-ಪಿ ಮತ್ತು 65001 ಅಂತ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತೆ.

ಇಷ್ಟೆಲ್ಲ ಯಾಕೆ, ಎಐಗೆ ಹೇಳಿದರೆ ಸ್ಕ್ರಿಪ್ಟ್ ಬರೆದುಕೊಡುತ್ತಲ್ಲ ಅಂತ ನೀವು ಆಗಲೇ ಅಂದುಕೊಂಡಿರ್ತೀರಿ. ಬರೆದುಕೊಡುತ್ತೆ, ಚೆನ್ನಾಗಿಯೇ ಬರೆದುಕೊಡುತ್ತೆ. ನಾನೂ ಕೇಳ್ತೀನಿ. ಕಾಲಂಗಳ ಹೆಸರು ಮತ್ತು ನಾನೇ ಕಟ್ಟಿದ ಎರಡು ಸುಳ್ಳು ಉದಾಹರಣೆ ಮಾತ್ರ ಕೊಡ್ತೀನಿ. ನಿಜವಾದ ಪ್ಯಾನ್, ನಿಜವಾದ ಸಂಬಳ ಅಲ್ಲಿ ಅಂಟಿಸಲ್ಲ. ಬೇರೆಯವರ ಮಾಹಿತಿಯನ್ನು ಎಲ್ಲೆಂದರಲ್ಲಿ ಹಾಕುವಂತಿಲ್ಲ ಅನ್ನೋಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಇದೆ. ಜತೆಗೆ ಪ್ರತಿ ಸಲ ಒಂದು ವಾಕ್ಯ ಸೇರಿಸ್ತೀನಿ: ‘ಮೊದಲು ಏನು ಬದಲಾಗುತ್ತೆ ಅಂತ ತೋರಿಸು, ಬದಲಿಸಬೇಡ.’ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದಕ್ಕೆಂದೇ ‘ವಾಟ್ ಇಫ್’ ಅನ್ನುವ ಆಯ್ಕೆ ಇದೆ. ಮಾಡಿದರೆ ಏನಾಗುತ್ತೆ ಅಂತ ಪಟ್ಟಿ ಕೊಡುತ್ತೆ, ಒಂದು ಫೈಲನ್ನೂ ಮುಟ್ಟಲ್ಲ.

ಮರುವರ್ಷ ನಮ್ಮ ಐಟಿಯ ಹುಡುಗನೊಬ್ಬ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಒಂದನ್ನು ಮಾಡಿಕೊಟ್ಟ. ಪ್ರತಿ ಪಿಡಿಎಫ್‌ನ ಒಳಗಿನ ಅಕ್ಷರ ಓದಿ, ಅಲ್ಲಿರುವ ಪ್ಯಾನ್ ಆ ಹೆಸರಿನವರದೇ ಹೌದಾ ಅಂತ ತಾಳೆ ನೋಡುವುದು ಅದರ ಕೆಲಸ. ಅಂದರೆ ದೊಡ್ಡ ಸರ್ ಕನ್ನಡಕ ಏರಿಸಿ ಮಾಡುತ್ತಿದ್ದದ್ದು. ಮೊದಲ ಸಲ ಓಡಿಸಿದಾಗ ಎಲ್ಲ ಫೈಲ್‌ಗಳಲ್ಲೂ ಒಂದೇ ಪ್ಯಾನ್ ಇದೆ ಅಂತ ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ದೊಡ್ಡ ಸರ್ ಎದ್ದು ಬಂದು ನೋಡಿದವರೇ ನಕ್ಕರು. “ಅದು ಕಂಪನಿ ಪ್ಯಾನ್ ಕಣಪ್ಪ. ಫಾರಂನಲ್ಲಿ ಕಂಪನಿದೇ ಮೊದಲು ಬರೋದು, ನೌಕರರದು ಆಮೇಲೆ.” ಹುಡುಗ ಎರಡು ಸಾಲು ತಿದ್ದಿದ.

ಸ್ಕ್ರಿಪ್ಟ್‌ಗೆ ಬೇಕಾದ ಇಂಥ ವಿಷಯಗಳೆಲ್ಲ ಅವರ ಆ ಉದ್ದನೆಯ ಲೆಡ್ಜರ್‌ನಲ್ಲಿದ್ದವು. ಯಾರು ವರ್ಷದ ನಡುವೆ ಬಿಟ್ಟುಹೋಗಿ ಮತ್ತೆ ಸೇರಿದರು, ಯಾರ ಹೆಸರು ಬದಲಾಯಿತು, ಯಾರು ಕೊಟ್ಟ ಪ್ಯಾನ್ ಕಾರ್ಡಿನ ಜೆರಾಕ್ಸ್‌ನಲ್ಲಿ 8 ಮತ್ತು ಬಿ ಒಂದೇ ಥರ ಕಾಣುತ್ತೆ. ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂತು ಅದನ್ನೆಲ್ಲ ಎಕ್ಸೆಲ್‌ಗೆ ‘ಗಮನಿಸಿ’ ಅಂತ ಒಂದು ಕಾಲಂ ಮಾಡಿ ಇಳಿಸಿಕೊಂಡೆ. ಕೇಳಿದರೆ ಹೇಳುತ್ತಿದ್ದರು, ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆ 187ನೆಯವರ ತಪ್ಪು ಪ್ಯಾನ್ ಕೂಡ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಯೇ ಇತ್ತು.

ಈಗ ಜೂನ್‌ನಲ್ಲಿ ಆ ಕೆಲಸಕ್ಕೆ ಒಂದು ಬೆಳಿಗ್ಗೆ ಸಾಕು. ಹೆಸರು ಬದಲಾಗಲು ಹತ್ತೇ ಸೆಕೆಂಡ್, ಉಳಿದದ್ದೆಲ್ಲ ತಾಳೆ ನೋಡುವುದಕ್ಕೆ. ಕೊನೆಗೆ ದೊಡ್ಡ ಸರ್ ಕುರ್ಚಿ ಎಳೆದುಕೊಂಡು ಬಂದು, ನಾನು ಆರಿಸಿದ್ದನ್ನಲ್ಲ, ತಾವೇ ಆರಿಸಿದ ಹತ್ತು ಫೈಲ್ ತೆರೆದು ನೋಡ್ತಾರೆ. ಮೇಲಿನಿಂದ ಒಂದನ್ನೂ ಆರಿಸಲ್ಲ. ಈ ಸಲದ ಹತ್ತರಲ್ಲಿ ನಾಲ್ಕು ಮಂಜುನಾಥರದೇ.

“ಇವರದ್ದು ಸರಿ ಇದ್ರೆ ಉಳಿದವರದ್ದೂ ಸರಿ ಇರುತ್ತೆ, ಕಳಿಸಮ್ಮ” ಅಂದು ಕನ್ನಡಕ ಇಳಿಸಿಕೊಂಡು ಕಾಫಿಗೆ ಎದ್ದರು.